ಮನೆಯ ಕನ್ನಡ ಪುಸ್ತಕಗಳನ್ನು ವಿಂಗಡಿಸುವ ಬಗೆ: ಯಾವ ಕ್ರಮ ಯಾರಿಗೆ ಒಪ್ಪುತ್ತದೆ?

ಮನೆಯಲ್ಲಿ ನೂರು ಪುಸ್ತಕಗಳಿರುವವರೆಗೆ ಯಾವ ಕ್ರಮವೂ ಬೇಕಾಗುವುದಿಲ್ಲ. ಬೆನ್ನಿನ ಬಣ್ಣ, ಪುಸ್ತಕದ ದಪ್ಪ, ಹಿಂದಿನ ಸಲ ಇಟ್ಟ ಮೂಲೆ ಇವೇ ಕೈಯನ್ನು ಸರಿಯಾದ ಕಡೆಗೆ ಒಯ್ಯುತ್ತವೆ. ಸಂಗ್ರಹ ಮುನ್ನೂರು ನಾನೂರನ್ನು ದಾಟಿತೆಂದರೆ ನೆನಪು ಸೋಲತೊಡಗುತ್ತದೆ. ಬೇಕಾದ ಪುಸ್ತಕ ಬೇಕಾದ ಹೊತ್ತಿಗೆ ಸಿಗುವುದಿಲ್ಲ, ಮನೆಯಲ್ಲಿರುವುದನ್ನೇ ಮತ್ತೊಮ್ಮೆ ಕೊಂಡು ತರುವುದೂ ಆಗುತ್ತದೆ. ಆಗ ಎಲ್ಲವನ್ನೂ ಒಂದು ಕ್ರಮಕ್ಕೆ ತರಬೇಕೆಂಬ ಮನಸ್ಸಾಗುವುದು ಸಹಜ. ಆದರೆ ಯಾವ ಕ್ರಮ ಎಂಬುದನ್ನು ಮೊದಲೇ ಯೋಚಿಸದೆ ಕೆಲಸಕ್ಕೆ ಇಳಿದರೆ, ಎರಡು ಕಪಾಟು ಮುಗಿಯುವಷ್ಟರಲ್ಲಿ ‘ಇತರೆ’ ಎಂಬ ಗುಂಪೇ ಎಲ್ಲಕ್ಕಿಂತ ದೊಡ್ಡದಾಗಿ ಬೆಳೆದಿರುತ್ತದೆ.

ವಿಂಗಡಣೆಯ ಮೂಲ ತೊಡಕು ಇಷ್ಟೇ: ಒಂದು ಪುಸ್ತಕಕ್ಕೆ ಕಪಾಟಿನಲ್ಲಿ ಇರುವುದು ಒಂದೇ ಜಾಗ, ಅದು ಸೇರಬಹುದಾದ ಗುಂಪುಗಳು ಮಾತ್ರ ಹಲವು. ಶಿವರಾಮ ಕಾರಂತರ ಯಕ್ಷಗಾನದ ಪುಸ್ತಕವನ್ನು ಕಾರಂತರ ಕೃತಿಗಳ ಜೊತೆಗೂ ಇಡಬಹುದು, ರಂಗಭೂಮಿಯ ಸಾಲಿನಲ್ಲೂ ಇಡಬಹುದು, ಕರಾವಳಿಯ ಸಂಸ್ಕೃತಿಯ ಪುಸ್ತಕಗಳ ನಡುವೆಯೂ ಇಡಬಹುದು. ಮೂರೂ ಸರಿಯೇ. ಹೀಗಿರುವಾಗ ತೀರ್ಮಾನಕ್ಕೆ ಆಧಾರವಾಗಬೇಕಾದದ್ದು ಪುಸ್ತಕದ ಸ್ವರೂಪಕ್ಕಿಂತ ಹೆಚ್ಚಾಗಿ ನೀವು ಅದನ್ನು ಹುಡುಕುವ ರೀತಿ. ಕಪಾಟಿನ ಮುಂದೆ ನಿಂತಾಗ ಮನಸ್ಸಿಗೆ ಮೊದಲು ಬರುವುದು ಲೇಖಕರ ಹೆಸರೋ, ವಿಷಯವೋ, ಪ್ರಕಾರವೋ ಎಂಬುದನ್ನು ಒಂದೆರಡು ವಾರ ಗಮನಿಸಿ ನೋಡಿದರೆ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ. ಮುಂದಿನ ಹೋಲಿಕೆಯನ್ನು ಆ ಗಮನಿಕೆಯ ಜೊತೆಗಿಟ್ಟು ಓದಬೇಕೆಂದು ಕೋರುತ್ತೇನೆ.

ಮೊದಲು ಬದಿಗಿಡಬಹುದಾದವು

ಬಣ್ಣದ ಕ್ರಮ ನೋಟಕ್ಕೆ ಚೆಂದ, ಬಳಕೆಗೆ ಬಾರದು. ಒಬ್ಬನೇ ಲೇಖಕನ ಒಂದೇ ಪುಸ್ತಕ ಮರುಮುದ್ರಣದಲ್ಲಿ ಬಣ್ಣ ಬದಲಿಸಿದರೆ ಜಾಗವನ್ನೂ ಬದಲಿಸಬೇಕಾಗುತ್ತದೆ. ಬಂದ ಕ್ರಮದಲ್ಲಿ ಸಂಖ್ಯೆ ಕೊಟ್ಟು ಇಡುವುದು ಗೋದಾಮಿಗೆ ತಕ್ಕ ವಿಧಾನ, ಏಕೆಂದರೆ ಅಲ್ಲಿ ಪಟ್ಟಿ ನೋಡದೆ ಯಾರೂ ಪುಸ್ತಕಕ್ಕೆ ಕೈಹಾಕುವುದಿಲ್ಲ. ಮನೆಯಲ್ಲಿ ಹಾಗಲ್ಲ, ಕಣ್ಣಾಡಿಸುವುದೇ ಅರ್ಧ ಸುಖ.

ಗಾತ್ರದ ಕ್ರಮವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಕನ್ನಡ ಪುಸ್ತಕಗಳಲ್ಲಿ ಹೆಚ್ಚಿನವು ಡೆಮಿ 1/8 ಎಂಬ ಮಧ್ಯಮ ಆಕಾರದವು, ಹಳೆಯವುಗಳಲ್ಲಿ ಅದಕ್ಕಿಂತ ತುಸು ಚಿಕ್ಕದಾದ ಕ್ರೌನ್ 1/8 ಸಾಕಷ್ಟಿವೆ. ಇವೆರಡು ಒಂದೇ ಸಾಲಿನಲ್ಲಿ ನಿಂತರೆ ಅಡ್ಡಿಯಿಲ್ಲ. ಆದರೆ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ, ಚಿತ್ರಕಲೆಯ ದೊಡ್ಡ ಪುಸ್ತಕಗಳು ಇಂಥವು ಯಾವ ವರ್ಗಕ್ಕೆ ಸೇರಿದರೂ ಕೆಳಗಿನ, ಎತ್ತರವಾದ, ಭಾರ ತಾಳುವ ಹಲಗೆಗೇ ಹೋಗಬೇಕು. ಆದ್ದರಿಂದ ಗಾತ್ರವನ್ನು ಇಂಥ ಬೆರಳೆಣಿಕೆಯ ಪುಸ್ತಕಗಳಿಗಷ್ಟೇ ಅನ್ವಯಿಸಿ, ಉಳಿದವಕ್ಕೆ ಬೇರೆ ಕ್ರಮವನ್ನು ಹುಡುಕುವುದು ಒಳ್ಳೆಯದು.

ಗ್ರಂಥಾಲಯಗಳ ಎರಡು ದಾರಿಗಳು

ಸಾರ್ವಜನಿಕ ಗ್ರಂಥಾಲಯಗಳಲ್ಲಿ ಪುಸ್ತಕದ ಬೆನ್ನಿಗೆ ಅಂಟಿಸಿರುವ ಅಂಕಿಗಳನ್ನು ನೋಡಿದವರಿಗೆ ಅದನ್ನೇ ಮನೆಗೂ ತರಬಾರದೇಕೆ ಎನಿಸುತ್ತದೆ. ಮೆಲ್ವಿಲ್ ಡ್ಯೂಯಿ ಎಂಬ ಅಮೆರಿಕದ ಗ್ರಂಥಪಾಲಕ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣದಲ್ಲಿ ಜ್ಞಾನವೆಲ್ಲ ಹತ್ತು ಮುಖ್ಯ ವರ್ಗಗಳಾಗಿ ಒಡೆಯುತ್ತದೆ, ಪ್ರತಿಯೊಂದೂ ಮತ್ತೆ ಹತ್ತಾಗಿ, ಅದೂ ಮತ್ತೆ ಹತ್ತಾಗಿ ಮುಂದುವರಿಯುತ್ತದೆ. ವಿಜ್ಞಾನ, ಕೃಷಿ, ಇತಿಹಾಸ, ಸಂಗೀತ ಹೀಗೆ ನಾನಾ ವಿಷಯಗಳ ಪುಸ್ತಕಗಳು ಸಮನಾಗಿ ಹರಡಿಕೊಂಡಿರುವ ಸಂಗ್ರಹಕ್ಕೆ, ವಿಶೇಷವಾಗಿ ಶಾಲೆಯ ಅಥವಾ ಊರಿನ ಗ್ರಂಥಾಲಯಕ್ಕೆ, ಇದು ಇಂದಿಗೂ ಗಟ್ಟಿಯಾದ ಆಯ್ಕೆ. ಬೇರೊಬ್ಬರು ಬಂದು ಕೆಲಸ ಮುಂದುವರಿಸಲೂ ಸುಲಭ.

ಕನ್ನಡ ಸಾಹಿತ್ಯವೇ ಹೆಚ್ಚಾಗಿರುವ ಮನೆಗೆ ಬಂದಾಗ ಮಾತು ಬೇರೆಯಾಗುತ್ತದೆ. ಡ್ಯೂಯಿಯ ಕ್ರಮದಲ್ಲಿ ಸಾಹಿತ್ಯಕ್ಕೆ ಎಂಟುನೂರರ ವರ್ಗವಿದೆ. ಅದರಲ್ಲಿ ಅಮೆರಿಕದ ಸಾಹಿತ್ಯಕ್ಕೆ 810, ಇಂಗ್ಲಿಷಿಗೆ 820, ಜರ್ಮನ್ನಿಗೆ 830, ಫ್ರೆಂಚಿಗೆ 840 ಎಂದು ಯುರೋಪಿನ ಭಾಷೆಗಳಿಗೆ ಹತ್ತತ್ತು ಸಂಖ್ಯೆಗಳು ಹೋಗಿ, ಉಳಿದ ಜಗತ್ತೆಲ್ಲ 890ರೊಳಗೆ ಸೇರುತ್ತದೆ. ಕನ್ನಡ ಸಾಹಿತ್ಯದ ಪಾಲಿಗೆ ಬಂದದ್ದು 894.814. ಅಂದರೆ ಪಂಪನಿಂದ ಹಿಡಿದು ನಿನ್ನೆ ಬಿಡುಗಡೆಯಾದ ಕವನ ಸಂಕಲನದವರೆಗೆ ಪ್ರತಿ ಪುಸ್ತಕದ ಬೆನ್ನೂ ಈ ಆರು ಅಂಕಿಗಳಿಂದಲೇ ಶುರುವಾಗಬೇಕು. ಏಳನೆಯ ಅಂಕಿಯಲ್ಲಿ ಕಾವ್ಯಕ್ಕೆ 1, ನಾಟಕಕ್ಕೆ 2, ಕಥನಕ್ಕೆ 3, ಪ್ರಬಂಧಕ್ಕೆ 4 ಎಂಬ ಭೇದ ಕಾಣಿಸುತ್ತದೆ. ಎಲ್ಲ ಪುಸ್ತಕಗಳಿಗೂ ಸಮಾನವಾದ ಆರು ಅಂಕಿಗಳು ಹುಡುಕುವವರಿಗೆ ಏನನ್ನೂ ಹೇಳುವುದಿಲ್ಲ. ಮುಂದೆ ಬರುವ ಒಂದು ಅಂಕಿಯ ಕೆಲಸವನ್ನು ಹಲಗೆಗೆ ಅಂಟಿಸಿದ ‘ನಾಟಕ’ ಎಂಬ ಚೀಟಿ ಇನ್ನೂ ಚೆನ್ನಾಗಿ ಮಾಡುತ್ತದೆ. ಧರ್ಮದ ಇನ್ನೂರರ ವರ್ಗದಲ್ಲೂ ಇದೇ ಓರೆಯಿದೆ: ಹೆಚ್ಚಿನ ಜಾಗ ಕ್ರೈಸ್ತ ಧರ್ಮಕ್ಕೆ, ಜೈನಕ್ಕೆ 294.4, ಹಿಂದೂ ಧರ್ಮಕ್ಕೆ 294.5. ಕಪಾಟಿನಲ್ಲಿ ಎರಡು ಮೊಳ ಉದ್ದದ ದಾಸಸಾಹಿತ್ಯವೂ ಜೈನ ಪುರಾಣಗಳೂ ಇರುವವರಿಗೆ ಇದು ಅನುಕೂಲದ ಕ್ರಮವಲ್ಲ.

ಇನ್ನೊಂದು ದಾರಿ ನಮಗೆ ಹತ್ತಿರದ್ದು. ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ ಅವರು 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಗೆ ಕೇಂದ್ರವೊಂದನ್ನು ಕಟ್ಟಿದರು, 1972ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಅವರ ವಿಚಾರದ ತಿರುಳು ಹೀಗಿದೆ: ಪುಸ್ತಕಕ್ಕೆ ಮೊದಲೇ ಸಿದ್ಧವಾದ ಗೂಡೊಂದನ್ನು ಹುಡುಕಬೇಕಿಲ್ಲ, ಅದರ ಮುಖಗಳನ್ನು ಬಿಡಿಬಿಡಿಯಾಗಿ ಗುರುತಿಸಿ ಸಂಖ್ಯೆಯಲ್ಲಿ ಒಟ್ಟಿಗೆ ಜೋಡಿಸಬೇಕು. ಸಾಹಿತ್ಯದ ಮಟ್ಟಿಗೆ ಈ ಮುಖಗಳು ಭಾಷೆ, ಪ್ರಕಾರ, ಲೇಖಕ, ಕೃತಿ. ಪೂರ್ತಿ ಪದ್ಧತಿಯನ್ನು ಮನೆಗೆ ತರುವುದು ವೃತ್ತಿನಿರತರಲ್ಲದವರಿಗೆ ಭಾರವಾದೀತು. ಆದರೆ ಅದರೊಳಗಿನ ಒಂದು ನಿಯಮವನ್ನು ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ: ರಂಗನಾಥನ್ ಲೇಖಕರನ್ನು ಅಕ್ಷರಕ್ರಮದಲ್ಲಿ ನಿಲ್ಲಿಸಲಿಲ್ಲ, ಹುಟ್ಟಿದ ವರ್ಷದ ಕ್ರಮದಲ್ಲಿ ನಿಲ್ಲಿಸಿದರು.

ಇದನ್ನು ಕಾವ್ಯದ ಹಲಗೆಯೊಂದಕ್ಕೆ ಅನ್ವಯಿಸಿ ನೋಡಿ. ಬಿ.ಎಂ.ಶ್ರೀ. (1884), ಮಾಸ್ತಿ (1891), ಬೇಂದ್ರೆ (1896), ಕುವೆಂಪು (1904), ಪು.ತಿ.ನ. (1905), ಕೆ.ಎಸ್. ನರಸಿಂಹಸ್ವಾಮಿ (1915), ಗೋಪಾಲಕೃಷ್ಣ ಅಡಿಗ (1918), ಜಿ.ಎಸ್. ಶಿವರುದ್ರಪ್ಪ (1926), ನಿಸಾರ್ ಅಹಮದ್ (1936), ಸಿದ್ಧಲಿಂಗಯ್ಯ (1954) ಎಂದು ಪುಸ್ತಕಗಳು ಎಡದಿಂದ ಬಲಕ್ಕೆ ಸಾಲುಗಟ್ಟುತ್ತವೆ. ನವೋದಯ, ನವ್ಯ, ಬಂಡಾಯ ಎಂಬ ಹೆಸರಿನಲ್ಲಿ ಗುಂಪು ಮಾಡಲು ಹೊರಟವರಿಗೆ ಅಡಿಗರಲ್ಲೇ ಎಡವುತ್ತದೆ. ಅವರ ಮೊದಲ ಸಂಕಲನಗಳು ಒಂದು ಗುಂಪಿಗೆ, ನಂತರದವು ಇನ್ನೊಂದಕ್ಕೆ ಹೋಗಬೇಕಾಗುತ್ತದೆ. ಹುಟ್ಟಿದ ವರ್ಷದ ಕ್ರಮದಲ್ಲಿ ಈ ಜಗಳವಿಲ್ಲ. ಚಳವಳಿಗಳ ಹೆಸರನ್ನು ಎತ್ತದೆಯೇ ಒಂದು ಶತಮಾನದ ಕಾವ್ಯದ ನಡೆ ಹಲಗೆಯ ಮೇಲೆ ಕಾಣುತ್ತದೆ, ಪಕ್ಕಪಕ್ಕದ ಕವಿಗಳನ್ನು ಕೂಡಿಸಿ ಓದಬೇಕೆಂಬ ಆಸೆಯೂ ಹುಟ್ಟುತ್ತದೆ. ಇದರ ಮಿತಿಯೂ ಸ್ಪಷ್ಟವೇ. ಕವಿಯ ಕಾಲ ಗೊತ್ತಿಲ್ಲದ ಮನೆಯವರಿಗೆ ಪುಸ್ತಕ ಸಿಗುವುದಿಲ್ಲ, ಹೊಸ ಕವಿಗಳ ಜನ್ಮವರ್ಷ ಪುಸ್ತಕದಲ್ಲಿ ಅಚ್ಚಾಗಿರದಿದ್ದರೆ ಹುಡುಕಬೇಕಾಗುತ್ತದೆ. ಹಾಗಾಗಿ ಕಾವ್ಯದಂಥ, ಕಾಲದ ಅರಿವು ಓದಿಗೆ ನೆರವಾಗುವ ಒಂದು ವಿಭಾಗಕ್ಕೆ ಇದನ್ನು ಇಟ್ಟುಕೊಂಡು, ಉಳಿದೆಡೆ ಅಕ್ಷರಕ್ರಮವನ್ನು ಅನುಸರಿಸುವುದು ನನ್ನ ದೃಷ್ಟಿಯಲ್ಲಿ ಉತ್ತಮ.

ಪ್ರಕಾರದ ಕ್ರಮ

ಹೆಚ್ಚಿನ ಮನೆಗಳಲ್ಲಿ ತಾನಾಗಿಯೇ ಬೆಳೆಯುವುದು ಈ ಕ್ರಮ: ಕಾದಂಬರಿ, ಸಣ್ಣಕತೆ, ಕವನ, ನಾಟಕ, ಪ್ರಬಂಧ, ವಿಮರ್ಶೆ, ಆತ್ಮಕತೆ, ಪ್ರವಾಸ. ಕಾದಂಬರಿಗಳನ್ನೇ ಹೆಚ್ಚಾಗಿ ಓದುವವರಿಗೆ ಇದು ಸಾಕು. ಒಬ್ಬರೇ ಹಲವು ಪ್ರಕಾರಗಳಲ್ಲಿ ಬರೆದಾಗ ಮಾತ್ರ ತೊಂದರೆ ಎದುರಾಗುತ್ತದೆ, ಮತ್ತು ಕನ್ನಡದ ದೊಡ್ಡ ಲೇಖಕರಲ್ಲಿ ಅನೇಕರು ಹಾಗೆಯೇ ಬರೆದವರು. ಕಾರಂತರು ಕಾದಂಬರಿ, ನಾಟಕ, ಪ್ರವಾಸಕಥನ, ಆತ್ಮಕತೆ, ಮಕ್ಕಳ ವಿಶ್ವಕೋಶ, ಅರ್ಥಕೋಶ ಎಲ್ಲವನ್ನೂ ಬರೆದರು. ಪ್ರಕಾರವನ್ನು ಕಟ್ಟುನಿಟ್ಟಾಗಿ ಹಿಡಿದರೆ ಅವರ ಪುಸ್ತಕಗಳು ಆರು ಕಡೆ ಚದುರುತ್ತವೆ. ತೇಜಸ್ವಿಯವರ ‘ಪರಿಸರದ ಕತೆ’ಯನ್ನು ಹೆಸರು ನೋಡಿ ಕತೆಗಳ ಜೊತೆ ಇಡುವವರೂ ಇದ್ದಾರೆ, ಪರಿಸರದ ಪುಸ್ತಕಗಳ ಜೊತೆ ಇಡುವವರೂ ಇದ್ದಾರೆ. ಒಬ್ಬ ಲೇಖಕರ ಹತ್ತಕ್ಕಿಂತ ಹೆಚ್ಚು ಪುಸ್ತಕಗಳು ನಿಮ್ಮಲ್ಲಿದ್ದರೆ ಅವರಿಗೆ ಪ್ರತ್ಯೇಕ ಜಾಗ ಕೊಟ್ಟು, ಅಲ್ಲಿ ಪ್ರಕಾರವನ್ನು ಮರೆತುಬಿಡುವುದೇ ಲೇಸು.

ಇನ್ನು ಕೆಲವು ಬರಹಗಳು ಪ್ರಕಾರದ ಗೆರೆಗೇ ನಿಲ್ಲುವುದಿಲ್ಲ. ಚಂಪೂ ಗದ್ಯವೂ ಹೌದು ಪದ್ಯವೂ ಹೌದು. ವಚನಗಳನ್ನು ಸಾಹಿತ್ಯದಲ್ಲಿ ಇಡಬೇಕೋ ಧರ್ಮದಲ್ಲಿ ಇಡಬೇಕೋ ಎಂಬುದಕ್ಕೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ದಿನವೂ ಬೆಳಿಗ್ಗೆ ವಚನ ಓದುವ ಹಿರಿಯರಿರುವ ಮನೆಯಲ್ಲಿ ಅವು ಅವರ ಕೈಗೆಟುಕುವಲ್ಲಿ, ದೇವರ ಕೋಣೆಯ ಹತ್ತಿರವೇ ಇರಲಿ. ಸಾಹಿತ್ಯದ ವಿದ್ಯಾರ್ಥಿಯ ಮನೆಯಲ್ಲಿ ಹಳಗನ್ನಡ, ನಡುಗನ್ನಡ ಕೃತಿಗಳ ಪಕ್ಕದಲ್ಲಿರಲಿ. ಸರ್ಕಾರ ಹೊರತಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟ, ನಿರಂಜನರ ಸಂಪಾದಕತ್ವದ ಇಪ್ಪತ್ತೈದು ಸಂಪುಟಗಳ ವಿಶ್ವಕಥಾಕೋಶ ಇಂಥ ಮಾಲಿಕೆಗಳನ್ನು ಯಾವ ಕಾರಣಕ್ಕೂ ಒಡೆಯಬಾರದು. ಅನುವಾದಗಳನ್ನು ಮೂಲ ಲೇಖಕರ ಹೆಸರಿನಲ್ಲಿ ಇಡುವುದು ರೂಢಿ, ಅದನ್ನೇ ಪಾಲಿಸಬಹುದು. ಆದರೆ ಬಿ.ಎಂ.ಶ್ರೀ.ಯವರ ‘ಇಂಗ್ಲಿಷ್ ಗೀತಗಳು’ ಅನುವಾದವೆಂಬ ಕಾರಣಕ್ಕೆ ಹೊರಗಿನ ಸಾಲಿಗೆ ಹೋದರೆ ಹೊಸಗನ್ನಡ ಕಾವ್ಯದ ಹಲಗೆಯ ಮೊದಲ ಪುಸ್ತಕವೇ ತಪ್ಪಿಹೋದಂತೆ.

ಲೇಖಕರ ಹೆಸರಿನ ಕ್ರಮ, ಮತ್ತು ಯಾವ ಹೆಸರು ಎಂಬ ಪ್ರಶ್ನೆ

ಕನ್ನಡದ ಓದುಗರು ಪುಸ್ತಕವನ್ನು ಸಾಮಾನ್ಯವಾಗಿ ಲೇಖಕರ ಹೆಸರಿನಿಂದಲೇ ನೆನೆಯುತ್ತಾರೆ. ‘ಭೈರಪ್ಪನವರದ್ದು ಒಂದು ಕೊಡಿ’ ಎಂದು ಕೇಳುವವರೇ ಹೆಚ್ಚು. ಆದ್ದರಿಂದ ಹೆಸರಿನ ಅಕ್ಷರಕ್ರಮ ಎಲ್ಲಕ್ಕಿಂತ ಸಹಜವಾದದ್ದು. ಆದರೆ ಹೆಸರಿನ ಯಾವ ಭಾಗವನ್ನು ಹಿಡಿಯಬೇಕೆಂಬುದು ಇಲ್ಲಿ ನಿಜವಾದ ಸಮಸ್ಯೆ. ಪಾಶ್ಚಾತ್ಯರಂತೆ ಕೊನೆಯ ಪದವನ್ನು ಮನೆತನದ ಹೆಸರೆಂದು ತಿಳಿದು ಕುರುಡಾಗಿ ಅನುಸರಿಸಿದರೆ ರಾವ್, ಭಟ್ಟ, ಮೂರ್ತಿ, ಅಯ್ಯಂಗಾರ್ ಎಂಬ ನಾಲ್ಕು ಪದಗಳ ಕೆಳಗೆ ಪುಸ್ತಕಗಳ ರಾಶಿ ಬೀಳುತ್ತದೆ, ಮಾಸ್ತಿಯವರನ್ನು ‘ಅ’ ಅಕ್ಷರದಲ್ಲಿ ಹುಡುಕಬೇಕಾಗುತ್ತದೆ. ಧಾರವಾಡದ ಕಡೆ ಬೇಂದ್ರೆ, ಗೋಕಾಕ, ಕಣವಿ ಎಂಬ ಅಡ್ಡಹೆಸರುಗಳು ಕೊನೆಯಲ್ಲಿ ಬರುತ್ತವೆ, ಅವರಿಗೆ ಈ ನಿಯಮ ಸರಿಹೊಂದುತ್ತದೆ. ಕರಾವಳಿಯಲ್ಲಿ ಕಡೆಂಗೋಡ್ಲು ಶಂಕರಭಟ್ಟ, ಸೇಡಿಯಾಪು ಕೃಷ್ಣಭಟ್ಟ ಎಂದು ಗುರುತಿನ ಹೆಸರು ಮುಂದೆ ನಿಲ್ಲುತ್ತದೆ. ಹಳೆ ಮೈಸೂರಿನ ಕಡೆ ಊರು ಮತ್ತು ತಂದೆಯ ಹೆಸರು ಇನಿಷಿಯಲ್ಲುಗಳಾಗಿ ಕುಗ್ಗಿ, ಕೊನೆಗೆ ಸ್ವಂತ ಹೆಸರು ಉಳಿಯುತ್ತದೆ. ಮೂರು ಸೀಮೆಗಳ ಮೂರು ಪದ್ಧತಿಗಳಿಗೆ ಒಂದೇ ಯಾಂತ್ರಿಕ ನಿಯಮ ಸಾಲದು.

ಪುಸ್ತಕದ ಮೇಲೆ ಅಚ್ಚಾಗಿರುವ ಹೆಸರಿನ ಮೊದಲ ಅಕ್ಷರವನ್ನೇ ಹಿಡಿಯೋಣವೆಂದರೆ ಇನ್ನೊಂದು ಬಗೆಯ ಗೊಂದಲ ಕಾದಿರುತ್ತದೆ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಎ, ಎಫ್, ಎಚ್, ಎಲ್, ಎಂ, ಎನ್, ಎಸ್ ಇವೆಲ್ಲ ಕನ್ನಡದಲ್ಲಿ ಬರೆದಾಗ ‘ಎ’ಕಾರದಿಂದಲೇ ಆರಂಭವಾಗುತ್ತವೆ. ಎಸ್.ಎಲ್. ಭೈರಪ್ಪ, ಎ.ಎನ್. ಮೂರ್ತಿರಾವ್, ಎಂ.ಕೆ. ಇಂದಿರಾ, ಎಚ್.ಎಸ್. ವೆಂಕಟೇಶಮೂರ್ತಿ ಎಲ್ಲರೂ ಒಂದೇ ಅಕ್ಷರದಡಿ ಸೇರಿ, ಕಪಾಟಿನ ಬಹುಪಾಲು ‘ಎ’ಯೇ ಆಗಿಬಿಡುತ್ತದೆ. ಅನಂತಮೂರ್ತಿಯವರ ಮೊದಲ ಇನಿಷಿಯಲ್ ಉಡುಪಿಯದು. ಕನ್ನಡದಲ್ಲಿ ಅದು ‘ಉ’, ಇಂಗ್ಲಿಷಿನ ಮೂಲಕ ಬಂದದ್ದರಿಂದ ಮುಖಪುಟದಲ್ಲಿ ‘ಯು’. ಅವರನ್ನು ‘ಯ’ ಅಕ್ಷರದಲ್ಲಿ ಯಾವ ಓದುಗರೂ ಹುಡುಕುವುದಿಲ್ಲ.

ಇದಕ್ಕೆ ನಾನು ಕಂಡ ಸರಳ ಪರಿಹಾರವೆಂದರೆ ಬಳಕೆಯ ಹೆಸರನ್ನು ಹಿಡಿಯುವುದು. ಸಾಹಿತ್ಯಪ್ರಿಯರಿಬ್ಬರು ಮಾತನಾಡುವಾಗ ಲೇಖಕರನ್ನು ಏನೆಂದು ಕರೆಯುತ್ತಾರೋ ಅದೇ ಹಲಗೆಯ ಮೇಲಿನ ಹೆಸರು: ಅಡಿಗ, ಅನಂತಮೂರ್ತಿ, ಇಂದಿರಾ, ಕಾರಂತ, ಕುವೆಂಪು, ಗೊರೂರು, ಡಿ.ವಿ.ಜಿ., ತೇಜಸ್ವಿ, ತ್ರಿವೇಣಿ, ಬೇಂದ್ರೆ, ಭೈರಪ್ಪ, ಮಾಸ್ತಿ, ಲಂಕೇಶ್, ವೈದೇಹಿ. ಇಲ್ಲಿ ಊರು, ಮನೆತನ, ಸ್ವಂತ ಹೆಸರು, ಕಾವ್ಯನಾಮ, ಇನಿಷಿಯಲ್ ಎಲ್ಲವೂ ಬೆರೆತಿವೆ, ಆದರೂ ಹುಡುಕುವವರಿಗೆ ಒಂದು ಕ್ಷಣವೂ ಅನುಮಾನ ಬರುವುದಿಲ್ಲ. ಕಾವ್ಯನಾಮ ಮತ್ತು ನಿಜನಾಮ ಎರಡರಲ್ಲೂ ಪುಸ್ತಕಗಳಿದ್ದರೆ ಹೆಚ್ಚು ಪರಿಚಿತವಾದದ್ದರ ಕೆಳಗೆ ಒಟ್ಟುಗೂಡಿಸಬೇಕು. ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ಅಚ್ಚಾದ ಕತೆಗಳು ಮಾಸ್ತಿಯವರ ಬಳಿಗೆ, ‘ಅಂಬಿಕಾತನಯದತ್ತ’ ಎಂಬ ಅಂಕಿತದವು ಬೇಂದ್ರೆಯವರ ಬಳಿಗೆ, ‘ವಿನಾಯಕ’ರದ್ದು ಗೋಕಾಕರ ಬಳಿಗೆ. ಬಿ.ವಿ. ಕಾರಂತ ಮತ್ತು ಶಿವರಾಮ ಕಾರಂತರಂತೆ ಒಂದೇ ಹೆಸರಿನ ಇಬ್ಬರಿದ್ದರೆ ಪೂರ್ಣ ಹೆಸರಿನ ಮೇಲೆ ಹಿಂದುಮುಂದು ಮಾಡಿದರೆ ಸಾಕು. ಈ ನಿಯಮದ ದೋಷವೆಂದರೆ ಹೊಸ ಲೇಖಕರಿಗೆ ಬಳಕೆಯ ಹೆಸರು ಇನ್ನೂ ನೆಲೆಗೊಂಡಿರುವುದಿಲ್ಲ. ಅವರ ಸ್ವಂತ ಹೆಸರನ್ನು ಹಿಡಿದು ಮುಂದುವರಿಯಬಹುದು.

ಪಟ್ಟಿ ಮಾಡಬೇಕಾದ ಕೆಲಸ

ಕಪಾಟು ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡಬಲ್ಲದು. ‘ಬರಗಾಲದ ಬಗ್ಗೆ ನನ್ನಲ್ಲಿ ಏನೇನಿದೆ’, ‘1950ಕ್ಕಿಂತ ಮುಂಚಿನ ಮುದ್ರಣಗಳು ಯಾವುವು’, ‘ಮಲೆನಾಡಿನ ಕಾದಂಬರಿಗಳೆಷ್ಟು’ ಎಂಬ ಉಳಿದ ಪ್ರಶ್ನೆಗಳಿಗೆ ಪಟ್ಟಿ ಬೇಕು. ಗುಂಪುಗಳನ್ನು ಹೆಚ್ಚಿಸುತ್ತ ಹೋಗುವ ಬದಲು ಗುಂಪುಗಳನ್ನು ಏಳೆಂಟಕ್ಕೆ ನಿಲ್ಲಿಸಿ, ಸೂಕ್ಷ್ಮವಾದ ಭೇದಗಳನ್ನೆಲ್ಲ ಪಟ್ಟಿಯ ವಿಷಯಪದಗಳಿಗೆ ಬಿಡುವುದು ಜಾಣತನ. ಒಂದು ಪುಸ್ತಕಕ್ಕೆ ಗುಂಪು ಒಂದೇ, ವಿಷಯಪದಗಳು ನಾಲ್ಕೈದು ಇರಬಹುದು. ಐದಾರು ಪುಸ್ತಕಗಳೂ ಇಲ್ಲದ ಗುಂಪು ಬೇಡ. ಒಂದು ಇಡೀ ಕಪಾಟನ್ನು ತುಂಬಿದ ಗುಂಪನ್ನು ಒಡೆಯುವ ಕಾಲ ಬಂದಿದೆ ಎಂದು ತಿಳಿಯಬೇಕು.

ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಪಟ್ಟಿ ಮಾಡುವವರು ಕಾಗುಣಿತದ ಏಕರೂಪತೆಗೆ ಮೊದಲೇ ಗಮನ ಕೊಡಬೇಕು. ಕತೆ ಮತ್ತು ಕಥೆ, ಆತ್ಮಕತೆ ಮತ್ತು ಆತ್ಮಚರಿತ್ರೆ ಎರಡನ್ನೂ ಮನಬಂದಂತೆ ಬಳಸಿದರೆ ಹುಡುಕಿದಾಗ ಅರ್ಧ ಪುಸ್ತಕಗಳು ಸಿಗುವುದಿಲ್ಲ. ಹಿಂದೆ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರಸಂಕೇತ) ಅಲ್ಲದ ಅಕ್ಷರಗಳಲ್ಲಿ ಮಾಡಿಟ್ಟ ಪಟ್ಟಿಗಳಿದ್ದರೆ ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳದೆ ವಿಂಗಡಿಸುವುದೂ ಹುಡುಕುವುದೂ ಕಷ್ಟ. ಯೂನಿಕೋಡಿನಲ್ಲೂ ಅಕ್ಷರಸಂಕೇತದ ಕ್ರಮವನ್ನೇ ನೇರವಾಗಿ ಅನುಸರಿಸುವ ತಂತ್ರಾಂಶಗಳು ‘ಳ’ವನ್ನು ‘ಲ’ ಮತ್ತು ‘ವ’ಗಳ ನಡುವೆ ಇಡುತ್ತವೆ, ನಮ್ಮ ವರ್ಣಮಾಲೆಯಲ್ಲಾದರೆ ಅದು ಕೊನೆಯದು. ಹೀಗಾಗಿ ‘ಕಳಸ’ ಎಂಬುದು ‘ಕವಿ’ಗಿಂತ ಮೊದಲು ಬಂದಿದ್ದರೆ ಗಾಬರಿಯಾಗಬೇಕಿಲ್ಲ, ಕಪಾಟಿನಲ್ಲೂ ಪಟ್ಟಿಯಲ್ಲೂ ಒಂದೇ ಕ್ರಮವಿದ್ದರೆ ಆಯಿತು.

ಹಾಗಾದರೆ ಯಾವುದನ್ನು ಆರಿಸಬೇಕು? ಇನ್ನೂರರೊಳಗಿನ ಸಂಗ್ರಹಕ್ಕೆ ಪ್ರಕಾರದ ಕ್ರಮ ಸಾಕು, ಪಟ್ಟಿಯೂ ಬೇಡ. ಇನ್ನೂರರಿಂದ ಸಾವಿರದವರೆಗೆ, ಹೆಚ್ಚಿನದು ಕನ್ನಡ ಸಾಹಿತ್ಯವೇ ಆಗಿದ್ದರೆ, ಮೊದಲು ಏಳೆಂಟು ದೊಡ್ಡ ಗುಂಪುಗಳು, ಅದರೊಳಗೆ ಬಳಕೆಯ ಹೆಸರಿನ ಅಕ್ಷರಕ್ರಮ, ಕಾವ್ಯಕ್ಕೆ ಮಾತ್ರ ಕಾಲದ ಕ್ರಮ, ಹತ್ತು ಪುಸ್ತಕ ಮೀರಿದ ಲೇಖಕರಿಗೆ ಪ್ರತ್ಯೇಕ ಸ್ಥಳ ಎಂಬ ಏರ್ಪಾಟನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ. ನಾನಾ ವಿಷಯಗಳ ಪುಸ್ತಕಗಳು ಸಮನಾಗಿದ್ದು ಸಾವಿರವನ್ನು ದಾಟಿದ್ದರೆ, ಅಥವಾ ಮುಂದೊಂದು ದಿನ ಸಂಗ್ರಹವನ್ನು ಊರಿನ ಗ್ರಂಥಾಲಯಕ್ಕೋ ಕಾಲೇಜಿಗೋ ಕೊಡುವ ಉದ್ದೇಶವಿದ್ದರೆ, ಡ್ಯೂಯಿಯ ಸಂಖ್ಯೆಗಳನ್ನು ಕಲಿಯುವ ಶ್ರಮ ಸಾರ್ಥಕ. ಸಂಶೋಧಕರಿಗೆ ಇವೆಲ್ಲಕ್ಕಿಂತ ಪಟ್ಟಿಯೇ ಮುಖ್ಯ, ಅವರು ಕಪಾಟಿನ ಮೇಲೆ ಕಳೆಯುವ ಸಮಯವನ್ನು ವಿಷಯಪದಗಳ ಮೇಲೆ ಕಳೆದರೆ ಹೆಚ್ಚು ಫಲ.

ಕೆಲಸಕ್ಕೆ ಇಳಿಯುವಾಗ ಎಲ್ಲ ಪುಸ್ತಕಗಳನ್ನೂ ಒಮ್ಮೆಲೇ ನೆಲಕ್ಕೆ ಇಳಿಸಬಾರದು, ಅರ್ಧಕ್ಕೆ ನಿಂತರೆ ಮೊದಲಿಗಿಂತ ಹೆಚ್ಚು ಕಷ್ಟವಾಗುತ್ತದೆ. ನಿಘಂಟು, ವಿಶ್ವಕೋಶ ಮತ್ತು ಮಾಲಿಕೆಗಳನ್ನು ಮೊದಲು ಬೇರ್ಪಡಿಸಿ, ಆಮೇಲೆ ದಿನಕ್ಕೊಂದು ಹಲಗೆಯಂತೆ ಮುಂದುವರಿಯುವುದು ಒಳ್ಳೆಯದು. ಪುಸ್ತಕ ಕೈಗೆ ಬಂದಾಗಲೇ ಧೂಳು ಒರೆಸಿ, ಹುಳ ಹಿಡಿದಿದೆಯೇ ಎಂದು ಹಾಳೆ ತಿರುವಿ ನೋಡಿ, ಪಟ್ಟಿಗೂ ಸೇರಿಸಿಕೊಳ್ಳಬಹುದು. ಎಂಬತ್ತು ಪುಟಗಳ ಕವನ ಸಂಕಲನಗಳಿಗೆ, ಅದರಲ್ಲೂ ನಡುವೆ ಪಿನ್ ಹೊಡೆದ ಹಳೆಯ ಪುಸ್ತಿಕೆಗಳಿಗೆ, ಬೆನ್ನಿನ ಮೇಲೆ ಹೆಸರೇ ಇರುವುದಿಲ್ಲ. ಎರಡು ದಪ್ಪ ಪುಸ್ತಕಗಳ ನಡುವೆ ಸಿಕ್ಕಿಕೊಂಡರೆ ಅವು ಕಣ್ಮರೆಯಾದಂತೆಯೇ. ಅವುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಒಟ್ಟಾಗಿ ನಿಲ್ಲಿಸಿ, ಪೆಟ್ಟಿಗೆಯ ಮುಖಕ್ಕೆ ಒಳಗಿರುವ ಕವಿಗಳ ಹೆಸರುಗಳನ್ನು ಬರೆದು ಅಂಟಿಸಿ, ಕಾವ್ಯದ ಹಲಗೆಯ ಮೊದಲಲ್ಲಿ ಇಡಬೇಕು. ಪ್ರತಿ ಹಲಗೆಯ ಬಲತುದಿಯಲ್ಲಿ ಒಂದು ಗೇಣು ಜಾಗ ಖಾಲಿ ಬಿಟ್ಟರೆ ಹೊಸದಾಗಿ ಬರುವ ಪುಸ್ತಕಗಳಿಗಾಗಿ ಇಡೀ ಸಾಲನ್ನು ಸರಿಸುವ ಪ್ರಮೇಯ ವರ್ಷಗಟ್ಟಲೆ ಬರುವುದಿಲ್ಲ. ಯಾರಿಗಾದರೂ ಓದಲು ಕೊಟ್ಟ ಪುಸ್ತಕದ ಸ್ಥಳದಲ್ಲಿ ಅವರ ಹೆಸರು ಮತ್ತು ಕೊಟ್ಟ ತಾರೀಖು ಬರೆದ ಉದ್ದನೆಯ ರಟ್ಟಿನ ಪಟ್ಟಿಯೊಂದನ್ನು ನಿಲ್ಲಿಸಿ.